ಪುಟ್ಟೇನಹಳ್ಳಿಗೆ ಬಂದ ‘ಈದರ್–ಆರ್’

ಉತ್ತರಹಳ್ಳಿ ಹೋಬಳಿಗೆ ಸೇರಿದ ಪುಟ್ಟೇನಹಳ್ಳಿಯು, ಜೆ.ಪಿ. ನಗರದ ಏಳನೆಯ ಹಂತವೆಂಬ ವಿಳಾಸದೊಳಗೆ ತನ್ನ ಹೆಸರನ್ನು ಅರ್ಧ ಕಳೆದುಕೊಂಡು ಬಹುಮಹಡಿಯ ವಸತಿಸಮುಚ್ಚಯಗಳ ನಡುವೆ ಬಾಳತೊಡಗುವುದಕ್ಕೆ ಬಹು ಹಿಂದೆ, ಮೈಸೂರು ಸೀಮೆಯ ಸಾವಿರಾರು ಗ್ರಾಮಗಳಂತೆ ತಾನೂ ಒಂದು ಕೆರೆ, ಕೆರೆಯ ಕೆಳಗೊಂದಿಷ್ಟು ಗದ್ದೆ, ಮೇಲುಗಡೆ ರಾಗಿಯ ಹೊಲ, ಇವುಗಳ ಲೆಕ್ಕಕ್ಕೊಬ್ಬ ಶ್ಯಾನುಭೋಗ, ತಂಟೆತಕರಾರಿಗೊಬ್ಬ ಪಟೇಲ, ಇಷ್ಟರಲ್ಲಿಯೇ ತೃಪ್ತಿಪಟ್ಟುಕೊಂಡಿದ್ದ ಊರು. ಇಂತಹ ಊರುಗಳ ವ್ಯವಹಾರಕ್ಕೆ ಕನ್ನಡ ಸಾಕಾಗಿದ್ದಿತು. ಕಡತದ ಕಪ್ಪು ಬಟ್ಟೆಯ ಮೇಲೆ ಬಳಪದಿಂದ ಬರೆದ ಅಕ್ಷರಗಳಲ್ಲಿ ಕಂದಾಯವೆಷ್ಟು, ಬಾಕಿಯೆಷ್ಟು, ಯಾರ ಪಾಲಿನ ನೀರು ಯಾವ ಗದ್ದೆಗೆ ಎಂಬುದೆಲ್ಲ ಅಡಗಿರುತ್ತಿದ್ದಿತು. ಆ ಬರಹದಲ್ಲಿ ಸಂದೇಹ ಹುಟ್ಟಿದರೆ ಶ್ಯಾನುಭೋಗನನ್ನೇ ಕೇಳಿದರಾಯಿತು, ವ್ಯಾಕರಣವನ್ನು ಕೇಳಬೇಕಾದ ಪ್ರಮೇಯವಿರಲಿಲ್ಲ.

1831ರಲ್ಲಿ ಬ್ರಿಟಿಷರು ಮೈಸೂರಿನ ಆಡಳಿತವನ್ನು ಕೈಗೆ ತೆಗೆದುಕೊಂಡು, ಅರ್ಧ ಶತಮಾನದ ಕಾಲ ಕಮಿಷನರರ ಮೂಲಕ ರಾಜ್ಯಭಾರ ನಡೆಸಿದ ಮೇಲೆ, ಹೋಬಳಿಯನ್ನೂ ತಾಲ್ಲೂಕನ್ನೂ ದಾಟಿ ಬೆಂಗಳೂರಿನ ಮೇಲಿನ ಕಚೇರಿಗಳನ್ನು ಮುಟ್ಟುವ ಕಾಗದಪತ್ರಗಳಿಗೆ ಇಂಗ್ಲಿಷಿನ ವೇಷ ಅನಿವಾರ್ಯವಾಯಿತು. 1881ರಲ್ಲಿ ರಾಜ್ಯವು ಒಡೆಯರಿಗೆ ಹಿಂದಿರುಗಿತು. ಆದರೆ ಆ ವೇಷ ಹಿಂದಿರುಗಲಿಲ್ಲ. ರೈತನ ಬಾಯಲ್ಲಿ ಹುಟ್ಟಿದ ಮಾತು ಗುಮಾಸ್ತನ ಲೇಖನಿಯಲ್ಲಿ ಪರಭಾಷೆಯಾಗಿ ಹೊರಡಬೇಕಾದ ಈ ಎಡೆಯಲ್ಲಿಯೇ ನಾನು ಹೇಳಹೊರಟಿರುವ ಸಣ್ಣ ಸಂಗತಿಯ ಕಥೆ ತೊಡಗುತ್ತದೆ. ಅದು ಇಂಗ್ಲಿಷ್ ವ್ಯಾಕರಣದ ಒಂದು ಮೂಲೆ: ‘ಈದರ್–ಆರ್’, ‘ನೈದರ್–ನಾರ್’, ‘ಬೋತ್–ಆಂಡ್’, ‘ನಾಟ್ ಓನ್ಲಿ–ಬಟ್ ಆಲ್ಸೋ’ ಎಂಬ ಜೋಡಿಪದಗಳು, ‘ಟು’ ಎಂಬುದನ್ನು ಮುಂದಿಟ್ಟುಕೊಂಡು ಬರುವ ಕ್ರಿಯಾರೂಪದ ಬಳಿಗೆ ಬಂದಾಗ ಎಲ್ಲಿ ನಿಲ್ಲಬೇಕು ಎಂಬ ಪ್ರಶ್ನೆ. ಇಷ್ಟು ಅಲ್ಪವಾದುದಕ್ಕೂ ಇತಿಹಾಸವಿದೆಯೇ ಎಂದು ಕೇಳುವವರು, ನಮ್ಮ ಅಜ್ಜಂದಿರ ಕಾಲದಲ್ಲಿ ಎಷ್ಟು ಮಂದಿಯ ಉದ್ಯೋಗವು ಇಂತಹ ಅಲ್ಪಗಳನ್ನು ಅವಲಂಬಿಸಿದ್ದಿತು ಎಂಬುದನ್ನು ನೆನೆಯಬೇಕು.

ವಿಷಯ ಸ್ಪಷ್ಟವಾಗಲು ಒಂದು ವಾಕ್ಯವನ್ನು ಕಲ್ಪಿಸಿಕೊಳ್ಳೋಣ. ಊರ ಕೆರೆಯ ಹೂಳೆತ್ತಿಸಬೇಕು, ಇಲ್ಲವೇ ಅದರ ಏರಿಯನ್ನು ಎತ್ತರಿಸಬೇಕು, ಎರಡರಲ್ಲೊಂದು ಆಗಲೇಬೇಕೆಂಬುದು ಗ್ರಾಮಸ್ಥರ ಪ್ರಾರ್ಥನೆ. ಇದನ್ನು ಇಂಗ್ಲಿಷಿಗಿಳಿಸುವ ಗುಮಾಸ್ತನು ‘ಈದರ್ ಟು ಡೀಪನ್ ದಿ ಟ್ಯಾಂಕ್ ಆರ್ ಟು ರೈಸ್ ದಿ ಬಂಡ್’ ಎಂದು ಬರೆದರೆ ಯಾವ ಪಂಡಿತನೂ ಹುಬ್ಬು ಗಂಟಿಕ್ಕಲಾರ. ಇಲ್ಲಿ ಜೋಡಿಯ ಮೊದಲನೆಯ ಪದವು ‘ಟು’ವಿನ ಹೊರಗೆ ನಿಂತಿದೆ, ಆದಕಾರಣ ಎರಡನೆಯ ಪದದ ತರುವಾಯವೂ ‘ಟು’ ಬಂದಿದೆ. ‘ಟು ಈದರ್ ಡೀಪನ್ ದಿ ಟ್ಯಾಂಕ್ ಆರ್ ರೈಸ್ ದಿ ಬಂಡ್’ ಎಂದು ಬರೆದರೆ ‘ಟು’ ಒಂದೇ ಆಗಿ, ಎರಡು ಕ್ರಿಯೆಗಳಿಗೂ ಸಮನಾಗಿ ಹಂಚಿಕೆಯಾಗುತ್ತದೆ. ತೂಕ ಇಲ್ಲಿಯೂ ಸಮವೇ. ಆದರೆ ‘ಈದರ್ ಟು ಡೀಪನ್ ದಿ ಟ್ಯಾಂಕ್ ಆರ್ ರೈಸ್ ದಿ ಬಂಡ್’ ಎಂದಾಗಲಿ, ‘ಟು ಈದರ್ ಡೀಪನ್ ದಿ ಟ್ಯಾಂಕ್ ಆರ್ ಟು ರೈಸ್ ದಿ ಬಂಡ್’ ಎಂದಾಗಲಿ ಬರೆದರೆ, ಒಂದು ಕಡೆ ‘ಟು’ ಇದ್ದು ಇನ್ನೊಂದು ಕಡೆ ಇಲ್ಲದಂತಾಗಿಯೋ, ಹೊರಗಿನದು ಒಳಗೆ ಸೇರಿ ಒಳಗಿನದು ಹೊರಗಾಗಿಯೋ, ವಾಕ್ಯವು ಒಂದು ಕಡೆಗೆ ವಾಲುತ್ತದೆ. ಇನ್ನು ‘ಟು ಡೀಪನ್ ಈದರ್ ದಿ ಟ್ಯಾಂಕ್ ಆರ್ ರೈಸ್ ದಿ ಬಂಡ್’ ಎಂಬುದು ಕೇವಲ ವಾಲಿದ ವಾಕ್ಯವಲ್ಲ, ದಾರಿತಪ್ಪಿಸುವ ವಾಕ್ಯ; ಕೆರೆಯೋ ಮತ್ತೇನೋ ಎಂಬ ವಿಕಲ್ಪವನ್ನು ನಿರೀಕ್ಷಿಸುತ್ತಿದ್ದ ಓದುಗನ ಮುಂದೆ ಹಠಾತ್ತನೆ ಬೇರೊಂದು ಕ್ರಿಯೆಯನ್ನು ತಂದು ನಿಲ್ಲಿಸುತ್ತದೆ. ಜೋಡಿಯ ಎರಡು ಪದಗಳ ಮುಂದೆಯೂ ಸಮಾನಜಾತಿಯ ರೂಪವೇ ಬರಬೇಕೆಂಬುದು ನಿಯಮದ ಸಾರ. ಇಷ್ಟೇ ಆಗಿದ್ದರೆ ನಮ್ಮ ವಿದ್ಯಾರ್ಥಿಗಳಿಗೆ ಇದೊಂದು ಕಷ್ಟವೇ ಅಲ್ಲ. ಕಷ್ಟ ಬಂದುದು ಬೇರೆ ದಿಕ್ಕಿನಿಂದ.

ಮೇಲೆ ಹೇಳಿದ ಎರಡನೆಯ ವಾಕ್ಯದಲ್ಲಿ ‘ಟು’ವಿಗೂ ಕ್ರಿಯಾಪದಕ್ಕೂ ನಡುವೆ ‘ಈದರ್’ ಬಂದು ಕುಳಿತಿದೆಯಷ್ಟೆ. ಹೀಗೆ ನಡುವೆ ಬಂದು ಕೂರುವುದನ್ನು ಮಹಾಪರಾಧವೆಂದು ಭಾವಿಸಿದ ಒಂದು ಕಾಲ ಇಂಗ್ಲೆಂಡಿನಲ್ಲಿದ್ದಿತು. ಅದರ ಪೂರ್ವೋತ್ತರ ಸ್ವಾರಸ್ಯವಾದುದು. ಆ ಭಾಷೆಯ ಪ್ರಾಚೀನ ಸ್ಥಿತಿಯಲ್ಲಿ ಈ ಕ್ರಿಯಾರೂಪವು ಪ್ರತ್ಯಯಾಂತವಾದ ಒಂದೇ ಪದವಾಗಿದ್ದು, ಕಾಲಕ್ರಮದಲ್ಲಿ ಪ್ರತ್ಯಯವು ಸವೆದುಹೋಗಲು, ‘ಟು’ ಎಂಬ ಉಪಸರ್ಗವು ಅದರ ಗುರುತಾಗಿ ಉಳಿಯಿತು. ಹದಿನಾಲ್ಕನೆಯ ಶತಮಾನದಲ್ಲಿ ಬೈಬಲ್ಲನ್ನು ಜನರ ಮಾತಿಗೆ ತಂದ ವಿಕ್ಲಿಫನ ಬರಹದಲ್ಲಿ ಇವೆರಡರ ನಡುವೆ ಬೇರೆ ಪದಗಳು ನಿಸ್ಸಂಕೋಚವಾಗಿ ಬರುತ್ತವೆ. 1762ರಲ್ಲಿ ವ್ಯಾಕರಣ ಬರೆದ ಬಿಷಪ್ ರಾಬರ್ಟ್ ಲೌತ್, 1795ರಲ್ಲಿ ಅವನನ್ನು ಹಿಂಬಾಲಿಸಿದ ಲಿಂಡ್ಲೆ ಮರ್ರೆ, ಇವರು ಭಾಷೆಯನ್ನು ತಿದ್ದುವುದರಲ್ಲಿ ಬಹು ಉತ್ಸಾಹಿಗಳಾಗಿದ್ದರೂ ಈ ಅಪರಾಧವನ್ನು ಕಂಡುಹಿಡಿದ ಕೀರ್ತಿ ಅವರದಲ್ಲ. ಅದು ಹತ್ತೊಂಬತ್ತನೆಯ ಶತಮಾನದ ಸೃಷ್ಟಿ. 1864ರಲ್ಲಿ ಕ್ಯಾಂಟರ್ಬರಿಯ ಡೀನ್ ಹೆನ್ರಿ ಆಲ್ಫರ್ಡ್ ರಾಣಿಯ ಇಂಗ್ಲಿಷಿನ ಪರವಾಗಿ ವಾದಿಸಿ ಬರೆದ ಗ್ರಂಥದಲ್ಲಿ ಇದನ್ನು ಆಕ್ಷೇಪಿಸಿದ ಮೇಲೆ ಶಾಲೆಯ ಉಪಾಧ್ಯಾಯರಿಗೂ ಪತ್ರಿಕೆಯ ಓದುಗರಿಗೂ ಬೇಟೆಯಾಡಲು ಒಂದು ಹೊಸ ಮೃಗ ದೊರೆತಂತಾಯಿತು. ಬರ್ನಾರ್ಡ್ ಷಾ ಈ ಬೇಟೆಗಾರರನ್ನು ಪತ್ರಿಕೆಗಳಿಗೆ ಬರೆದ ಕಾಗದಗಳಲ್ಲಿ ಗೇಲಿಮಾಡಿದ. 1926ರಲ್ಲಿ ಪ್ರಯೋಗಕೋಶವನ್ನು ಪ್ರಕಟಿಸಿದ ಫೌಲರ್, ಇಂಗ್ಲಿಷ್ ಬಲ್ಲವರನ್ನೆಲ್ಲ ಈ ಒಂದು ವಿಷಯದ ಆಧಾರದಿಂದ ಐದು ವರ್ಗಗಳಾಗಿ ವಿಂಗಡಿಸಿ, ಅಗತ್ಯವಿದ್ದಲ್ಲಿ ‘ಟು’ವನ್ನು ಬೇರ್ಪಡಿಸಿದರೆ ಪ್ರಮಾದವಿಲ್ಲವೆಂದು ತೀರ್ಪಿತ್ತ. ಅದೇ ಫೌಲರ್ ‘ನಾಟ್ ಓನ್ಲಿ’ಯನ್ನು ಸ್ಥಾನ ತಪ್ಪಿಸಿ ಇಡುವವರ ವಿಷಯದಲ್ಲಿ ಮಾತ್ರ ಲೇಶವೂ ದಾಕ್ಷಿಣ್ಯ ತೋರಲಿಲ್ಲ. ತಕ್ಕಡಿಯ ಸಮತೂಕ ಮುಖ್ಯ, ‘ಟು’ವಿನ ಬೇಲಿ ಗೌಣ, ಎಂಬುದು ಆತನ ನಿಲುವು, ಅದು ಸರಿಯಾದ ನಿಲುವೆಂದೇ ನನ್ನ ಎಣಿಕೆ.

ಈ ವ್ಯಾಕರಣವು ನಮ್ಮ ನಾಡಿಗೆ ಬಂದ ಮೊದಲ ದಾರಿ ಪಾದ್ರಿಗಳದು. ಬೆಂಗಳೂರಿನಲ್ಲಿ ವೆಸ್ಲಿಯನ್ ಮಿಷನ್ನಿನವರು ಶಾಲೆ ತೆರೆದರು, ಮುದ್ರಣಾಲಯ ಸ್ಥಾಪಿಸಿದರು. ಆ ಮಿಷನ್ನಿನ ಜಾನ್ ಗ್ಯಾರೆಟ್ ಮುಂದೆ ಮೈಸೂರಿನ ವಿದ್ಯಾ ಇಲಾಖೆಯ ಮುಖ್ಯಸ್ಥನೇ ಆದ. ನಮ್ಮ ಮಕ್ಕಳಿಗೆ ತಮ್ಮ ಭಾಷೆಯ ವ್ಯಾಕರಣವನ್ನು ಕಲಿಸಿದ ಈ ಜನ ಅದೇ ಕಾಲದಲ್ಲಿ ನಮ್ಮ ಭಾಷೆಯ ವ್ಯಾಕರಣವನ್ನು ತಾವು ಕಲಿಯುತ್ತಿದ್ದರು ಎಂಬುದನ್ನು ಮರೆಯಬಾರದು. 1817ರಲ್ಲಿ ಸೆರಾಂಪುರದಿಂದ ವಿಲಿಯಂ ಕೇರಿ, 1820ರಲ್ಲಿ ಮದರಾಸಿನಿಂದ ಜಾನ್ ಮೆಕೆರೆಲ್, 1859ರಲ್ಲಿ ಬೆಂಗಳೂರಿನಿಂದ ಥಾಮಸ್ ಹಾಡ್ಸನ್, 1903ರಲ್ಲಿ ಮಂಗಳೂರಿನಿಂದ ಕಿಟ್ಟೆಲ್, ಹೀಗೆ ಒಬ್ಬರಾದ ಮೇಲೊಬ್ಬರು ಕನ್ನಡಕ್ಕೆ ಇಂಗ್ಲಿಷಿನಲ್ಲಿ ವ್ಯಾಕರಣ ಬರೆದರು. ಇವರಲ್ಲಿ ಯಾರಾದರೂ ಪೇಟೆಯ ಬೀದಿಯಲ್ಲಿ ನಿಂತು ಆಲಿಸಿದ್ದರೆ, ತಮ್ಮ ಭಾಷೆಯಲ್ಲಿ ವಿದ್ವಾಂಸರನ್ನು ಕಾಡುತ್ತಿದ್ದ ತೊಡಕು ಇಲ್ಲಿಯ ಸಾಮಾನ್ಯರ ಬಾಯಲ್ಲಿ ತಾನಾಗಿಯೇ ಬಗೆಹರಿದಿರುವುದು ಅವರ ಕಿವಿಗೆ ಬೀಳದೆ ಇರುತ್ತಿರಲಿಲ್ಲ.

ಏಕೆಂದರೆ, ಬಿಸಿತುಪ್ಪವನ್ನು ನುಂಗಲೂ ಆಗದು, ಉಗುಳಲೂ ಆಗದು ಎನ್ನುವಾಗ ಕನ್ನಡಿಗನು ಮಾಡುತ್ತಿರುವುದಾದರೂ ಏನು? ‘ನುಂಗಲು’, ‘ಉಗುಳಲು’ ಎಂಬ ಎರಡು ಕೃದಂತಾವ್ಯಯಗಳನ್ನು ಸಮುಚ್ಚಯದ ಊಕಾರದಿಂದ ಜೋಡಿಸುತ್ತಿದ್ದಾನೆ. ಆ ಊಕಾರವು ಪ್ರತಿಯೊಂದು ರೂಪದ ಕೊನೆಯಲ್ಲಿಯೂ ಬಂದು ಅಂಟಿಕೊಳ್ಳುವುದರಿಂದ, ಅದು ಒಳಗೆ ನಿಲ್ಲಬೇಕೋ ಹೊರಗೆ ನಿಲ್ಲಬೇಕೋ ಎಂಬ ವಿವಾದಕ್ಕೆ ಅವಕಾಶವೇ ಇಲ್ಲ. ‘ಓದಲಾಗಲಿ ಬರೆಯಲಾಗಲಿ ಬಾರದು’ ಎಂಬಲ್ಲಿಯೂ, ‘ಹೂಳೆತ್ತುವುದೋ ಏರಿ ಎತ್ತರಿಸುವುದೋ’ ಎಂಬಲ್ಲಿಯೂ ಹೀಗೆಯೇ. ಎರಡು ಅಂಗಗಳಿಗೂ ಒಂದೇ ಚಿಹ್ನೆ, ಒಂದೇ ಸ್ಥಾನ. ಒಂದರಲ್ಲಿ ಬಿಟ್ಟರೆ ಅಕ್ಷರಜ್ಞಾನವಿಲ್ಲದವನ ಕಿವಿಗೂ ಅದು ಕುಂಟುತ್ತದೆ. ‘ಬರೋಕೂ ಆಗಲ್ಲ, ಹೋಗೋಕೂ ಆಗಲ್ಲ’ ಎನ್ನುವ ಸಂತೆಯ ಮಾತಿನಲ್ಲಿಯೂ ಆ ಸಮತೆ ತಪ್ಪುವುದಿಲ್ಲ. ಹದಿಮೂರನೆಯ ಶತಮಾನದ ಕೇಶಿರಾಜನು ‘ಶಬ್ದಮಣಿದರ್ಪಣ’ದಲ್ಲಿ ಅವ್ಯಯಗಳಿಗೆಂದೇ ಒಂದು ಪ್ರಕರಣವನ್ನು ಮೀಸಲಿಟ್ಟನಾದರೂ, ಅವುಗಳನ್ನು ತಪ್ಪು ಸ್ಥಾನದಲ್ಲಿ ಇಡಬೇಡಿರೆಂದು ಕವಿಗಳನ್ನು ಗದರಿಸಬೇಕಾದ ಶ್ರಮ ಈ ವಿಷಯದಲ್ಲಿ ಅವನಿಗಿರಲಿಲ್ಲ. ಆದುದರಿಂದ ಜೋಡಿಪದಗಳ ಸಮತೂಕದ ನಿಯಮವು ನಮ್ಮವರಿಗೆ ಪರಕೀಯವಾಗಿದ್ದಿತೆಂದು ಹೇಳಲಾಗದು. ಪರಕೀಯವಾಗಿದ್ದುದು ‘ಟು’, ಕ್ರಿಯೆಗೆ ಸೇರಿಯೂ ಸೇರದಂತೆ, ಒಂದು ಹೆಜ್ಜೆ ಮುಂದೆ ನಡೆಯುವ ಆ ಪುಟ್ಟ ಶಬ್ದ.

ಎರಡನೆಯ ದಾರಿ ಪರೀಕ್ಷೆಯದು, ಮತ್ತು ಇದು ಹೆದ್ದಾರಿ. 1858ರಲ್ಲಿ ಬೆಂಗಳೂರು ಹೈಸ್ಕೂಲೆಂದು ಆರಂಭವಾಗಿ ಮುಂದೆ ಸೆಂಟ್ರಲ್ ಕಾಲೇಜೆಂದು ಹೆಸರಾದ ಸಂಸ್ಥೆಯು ಮದರಾಸು ವಿಶ್ವವಿದ್ಯಾಲಯಕ್ಕೆ ಅಧೀನವಾಗಿದ್ದಿತು. 1916ರಲ್ಲಿ ಮೈಸೂರು ವಿಶ್ವವಿದ್ಯಾಲಯವು ಹುಟ್ಟುವವರೆಗೆ ನಮ್ಮ ಹುಡುಗರ ಇಂಗ್ಲಿಷನ್ನು ಅಳೆಯುವ ಗಜಕೋಲು ಮದರಾಸಿನಲ್ಲಿದ್ದಿತು. ಶಾಸನಗಳ ಸಂಗ್ರಹದಿಂದ ಪ್ರಸಿದ್ಧನಾದ ಬಿ.ಎಲ್. ರೈಸ್ ಮೊದಲು ಬೆಂಗಳೂರು ಹೈಸ್ಕೂಲಿನ ಮುಖ್ಯೋಪಾಧ್ಯಾಯನಾಗಿದ್ದವನು. ಸರ್ ವಾಲ್ಟರ್ ಸ್ಕಾಟನ ದಿನಚರಿಯನ್ನು ಸಂಪಾದಿಸಿದ ಜೆ.ಜಿ. ಟೇಟ್ ತರುವಾಯದ ಕಾಲದಲ್ಲಿ ಅಲ್ಲಿ ಇಂಗ್ಲಿಷ್ ಕಲಿಸಿ ಪ್ರಿನ್ಸಿಪಾಲನಾದವನು. ಇಂತಹವರ ಕೈಕೆಳಗೆ ಕಲಿತವರ ಇಂಗ್ಲಿಷು ಸಾಹಿತ್ಯದಿಂದ ಬಂದುದು. ಮಿಕ್ಕವರದು, ಎಂದರೆ ಬಹುಸಂಖ್ಯಾತರದು, ವ್ಯಾಕರಣದ ಪುಸ್ತಕದಿಂದ ಬಂದುದು. ಆ ಪುಸ್ತಕವು ಬಹುಕಾಲ ನೆಸ್‌ಫೀಲ್ಡನದಾಗಿದ್ದಿತು.

ಜಾನ್ ಕಾಲಿನ್ಸನ್ ನೆಸ್‌ಫೀಲ್ಡ್ ವಾಯವ್ಯ ಪ್ರಾಂತ ಮತ್ತು ಔಧ್‌ಗಳಲ್ಲಿ ವಿದ್ಯಾ ಇಲಾಖೆಯ ಅಧಿಕಾರಿಯಾಗಿದ್ದವನು. ಅವನ ಇನ್ನೊಂದು ಕೃತಿಯನ್ನು ವ್ಯಾಕರಣ ಕಲಿತವರು ಸಾಮಾನ್ಯವಾಗಿ ಅರಿಯರು. 1885ರಲ್ಲಿ ಆತ ಅದೇ ಪ್ರಾಂತದ ಜಾತಿವ್ಯವಸ್ಥೆಯನ್ನು ಕುರಿತು ಒಂದು ಪುಸ್ತಕ ಬರೆದು, ಜಾತಿಗೆ ಮೂಲವು ರಕ್ತವಲ್ಲ, ವೃತ್ತಿ ಮಾತ್ರವೇ ಎಂದು ಪ್ರತಿಪಾದಿಸಿದ. ಮನುಷ್ಯರನ್ನು ಅವರು ಮಾಡುವ ಕೆಲಸದಿಂದ ವಿಂಗಡಿಸಿದ ಈ ಮಹಾಶಯನೇ ಮುಂದೆ ಪದಗಳನ್ನೂ ಅವು ವಾಕ್ಯದಲ್ಲಿ ಮಾಡುವ ಕೆಲಸದಿಂದ ವಿಂಗಡಿಸಿ ಮಕ್ಕಳ ಕೈಗಿತ್ತನೆಂಬುದನ್ನು ನೆನೆದಾಗ, ಜೋಡಿಪದಗಳ ಎರಡು ಪಕ್ಕಗಳಲ್ಲಿಯೂ ಸಜಾತೀಯವೇ ಕೂರಬೇಕೆಂಬ ವಿಧಿಯು ಈ ದೇಶದ ಪಂಕ್ತಿಭೋಜನದಿಂದಲೇ ಹುಟ್ಟಿತೋ ಎಂಬ ದುಷ್ಟ ಯೋಚನೆ ನನಗೆ ಬಾರದಿಲ್ಲ. ವಾಸ್ತವವಾಗಿ ಆ ವಿಧಿ ಅವನಿಗಿಂತ ಹಳೆಯದು.

ನೆಸ್‌ಫೀಲ್ಡನ ತರುವಾಯ, 1930ರ ದಶಕದ ನಡುವೆ, ರೆನ್ ಮತ್ತು ಮಾರ್ಟಿನ್ ಬಂದರು. ಮರುಭೂಮಿಯ ಸೈನಿಕರನ್ನು ಕುರಿತ ‘ಬೋ ಜೆಸ್ಟ್’ ಎಂಬ ಕಾದಂಬರಿಯನ್ನು 1924ರಲ್ಲಿ ಬರೆದು ಲೋಕವಿಖ್ಯಾತನಾದ ಪಿ.ಸಿ. ರೆನ್ನನೇ ಈ ವ್ಯಾಕರಣದ ರೆನ್ ಎಂಬುದನ್ನು ಹೇಳಿದರೆ ಅನೇಕರು ನಂಬುವುದಿಲ್ಲ. ಮುಂಬಯಿ ಪ್ರಾಂತದ ವಿದ್ಯಾ ಇಲಾಖೆಯಲ್ಲಿ ದುಡಿದ ಆತನ ಕಾದಂಬರಿಗಳನ್ನು ಇಂದು ಓದುವವರು ವಿರಳ, ವ್ಯಾಕರಣವಾದರೋ ಎನ್.ಡಿ.ವಿ. ಪ್ರಸಾದರಾಯರ ಪರಿಷ್ಕರಣದಲ್ಲಿ ಇಂದಿಗೂ ಅಚ್ಚಾಗುತ್ತಿದೆ. ಅವೆನ್ಯೂ ರಸ್ತೆಯ ಹಳೆಯ ಪುಸ್ತಕದಂಗಡಿಯಲ್ಲಿ ಕೊಂಡ ಒಂದು ಪ್ರತಿ ನನ್ನಲ್ಲಿದೆ. ಮೊದಲ ಪುಟದಲ್ಲಿ ಮೂವರ ಹೆಸರುಗಳು, ಒಂದನ್ನು ಹೊಡೆದುಹಾಕಿ ಅದರ ಕೆಳಗೊಂದು. ಸಮುಚ್ಚಯಪದಗಳ ಅಧ್ಯಾಯದ ಅಂಚು ಎಣ್ಣೆಗೈಯ ಗುರುತಿನಿಂದ ಕಂದಿದೆ. ಜೋಡಿಗಳ ಪಕ್ಕದಲ್ಲಿ ಸೀಸದಕಡ್ಡಿಯಿಂದ ಕನ್ನಡದಲ್ಲಿ ‘ಇದು ಗ್ಯಾರಂಟಿ’ ಎಂದು ಬರೆದು ಎರಡು ಗೆರೆ ಎಳೆಯಲಾಗಿದೆ. ಪರೀಕ್ಷೆಯಲ್ಲಿ ಆ ಪ್ರಶ್ನೆ ಬಂದಿತೋ ಇಲ್ಲವೋ, ಆ ಹುಡುಗನಿಗೇ ಗೊತ್ತು.

ನಮ್ಮ ಪ್ರೌಢಶಾಲೆಗಳಲ್ಲಿ ಈ ಪಾಠ ನಡೆಯುತ್ತಿದ್ದ ಕ್ರಮವು ಮಗ್ಗಿಯ ಕ್ರಮವೇ. ‘ಈದರ್ ಬಂದ್ರೆ’ ಎಂದು ಮೇಷ್ಟ್ರು ಎಳೆದರೆ ‘ಆರ್’ ಎಂದು ತರಗತಿ ಮುಗಿಸಬೇಕು. ‘ನೈದರ್ ಬಂದ್ರೆ’ ಎಂದರೆ ‘ನಾರ್’. ತಪ್ಪುವಾಕ್ಯವನ್ನು ತಿದ್ದುವುದು, ಪದಪದವನ್ನೂ ಬಿಡಿಸಿ ಅದರ ಜಾತಿಕುಲಗಳನ್ನು ಹೇಳುವ ‘ಪಾರ್ಸಿಂಗ್’, ವಾಕ್ಯವನ್ನು ಅಂಗಾಂಗವಾಗಿ ಬೇರ್ಪಡಿಸುವ ‘ಅನಾಲಿಸಿಸ್’, ಇವು ನಿತ್ಯಕರ್ಮ. ಜೊತೆಗೆ, ‘ಟು’ವಿಗೂ ಕ್ರಿಯೆಗೂ ನಡುವೆ ಏನನ್ನೂ ತೂರಿಸಕೂಡದೆಂಬ ನಿಷೇಧವನ್ನು ಎಷ್ಟು ಕಟ್ಟುನಿಟ್ಟಾಗಿ ಬೋಧಿಸುತ್ತಿದ್ದರೆಂದರೆ, ಅದನ್ನು ಮಾಡಿದ ಇಂಗ್ಲಿಷರೇ ಅದರಿಂದ ಸಡಿಲಿಸಿಕೊಂಡ ಅನಂತರವೂ ನಮ್ಮ ಕಚೇರಿಯ ಕರಡುಪತ್ರಗಳಲ್ಲಿ ಅದು ಮುಂದುವರಿಯಿತು. ಆಕ್ಸ್‌ಫರ್ಡಿನವರು 1998ರ ಹೊಸ ನಿಘಂಟಿನಲ್ಲಿ ಈ ನಿಷೇಧಕ್ಕೆ ಆಧಾರವಿಲ್ಲವೆಂದು ಸಾರಿದಾಗ ವಿದೇಶದ ಪತ್ರಿಕೆಗಳಲ್ಲಿ ಗದ್ದಲವೆದ್ದಿತು. ಇಲ್ಲಿಯ ಹಿರಿಯ ಸೂಪರಿಂಟೆಂಡೆಂಟರು ತಮ್ಮ ಕೆಂಪು ಶಾಯಿಯನ್ನು ಕೆಳಗಿಡಲಿಲ್ಲ. ನಿಷೇಧಕ್ಕೆ ಹೆದರಿದ ಗುಮಾಸ್ತ ಏನು ಮಾಡುತ್ತಾನೆ? ‘ಈದರ್’ ಅನ್ನು ‘ಟು’ವಿನ ಒಳಗಿನಿಂದ ಎತ್ತಿ ಹೊರಗಿಡುತ್ತಾನೆ, ಹೊರಗಿಟ್ಟ ಮೇಲೆ ಎರಡನೆಯ ಕಡೆಗೂ ಒಂದು ‘ಟು’ ಬೇಕೆಂಬುದನ್ನು ಮರೆಯುತ್ತಾನೆ. ಇಲ್ಲದ ತಪ್ಪನ್ನು ತಪ್ಪಿಸಿಕೊಳ್ಳಹೋಗಿ ಇರುವ ತಪ್ಪಿಗೆ ಬೀಳುವುದು ಹೀಗೆ. ನಮ್ಮ ಹಳೆಯ ಸರ್ಕಾರಿ ಇಂಗ್ಲಿಷಿನಲ್ಲಿ ಈ ವಾಲಿದ ವಾಕ್ಯಗಳು ಇಷ್ಟು ಹೇರಳವಾಗಿರುವುದಕ್ಕೆ ಬರೆದವರ ಅಜ್ಞಾನವನ್ನು ದೂರುವವರುಂಟು. ನಾನಾದರೋ ಅವರ ವಿಧೇಯತೆಯನ್ನು ದೂರುತ್ತೇನೆ.

ಪರೀಕ್ಷೆಯ ಇಂಗ್ಲಿಷು ಮನುಷ್ಯನ ಶಕ್ತಿಗೆ ಎಂತಹ ಅಳತೆಗೋಲೆಂಬುದಕ್ಕೆ ಮೈಸೂರಿನಲ್ಲಿಯೇ ಒಂದು ನಿದರ್ಶನವಿದೆ. ಇಂಗ್ಲಿಷಿನಲ್ಲಿ ಕಾದಂಬರಿಗಳನ್ನು ಬರೆದು ಜಗತ್ತಿನ ಗೌರವಕ್ಕೆ ಪಾತ್ರರಾದ ಆರ್.ಕೆ. ನಾರಾಯಣ್ ವಿಶ್ವವಿದ್ಯಾಲಯದ ಪ್ರವೇಶಪರೀಕ್ಷೆಯಲ್ಲಿ ಇಂಗ್ಲಿಷಿನಲ್ಲಿಯೇ ಅನುತ್ತೀರ್ಣರಾಗಿದ್ದರು. ಇನ್ನೊಂದು ಕಡೆ, ಇಂಗ್ಲಿಷ್ ಕಲಿಸುವುದೇ ಕಸುಬಾಗಿದ್ದ ಬಿ.ಎಂ. ಶ್ರೀಕಂಠಯ್ಯನವರು 1911ರಲ್ಲಿ ಧಾರವಾಡಕ್ಕೆ ಹೋಗಿ ಕನ್ನಡ ಮಾತು ತಲೆಯೆತ್ತುವ ಬಗೆಯನ್ನು ಕುರಿತು ಭಾಷಣ ಮಾಡಿದರು. ನೆಸ್‌ಫೀಲ್ಡನ ಯುಗದ ನಮ್ಮ ಶ್ರೇಷ್ಠರು ಆ ವ್ಯಾಕರಣವನ್ನು ದಾಟಿ ಹೋದವರು.

ವ್ಯಾಕರಣದ ಈ ಪ್ರಭುತ್ವವನ್ನು ಬುಡಸಹಿತ ಅಲುಗಿಸುವ ಪ್ರಯತ್ನವೂ ಬೆಂಗಳೂರಿನ ಹೆಸರಿನೊಡನೆಯೇ ಸೇರಿಕೊಂಡಿದೆಯೆಂಬುದು ವಿಶೇಷ. ದಕ್ಷಿಣದ ರಾಜ್ಯಗಳ ಇಂಗ್ಲಿಷ್ ಉಪಾಧ್ಯಾಯರ ಶಿಕ್ಷಣಕ್ಕಾಗಿ 1963ರಲ್ಲಿ ಇಲ್ಲಿ ಪ್ರಾದೇಶಿಕ ಆಂಗ್ಲಭಾಷಾ ಸಂಸ್ಥೆ ಸ್ಥಾಪಿತವಾಯಿತು. 1979ರಿಂದ 1984ರವರೆಗೆ ಎನ್.ಎಸ್. ಪ್ರಭು ಎಂಬ ವಿದ್ವಾಂಸರು ಬೆಂಗಳೂರು, ಮದರಾಸು ಮೊದಲಾದ ಕಡೆಗಳ ಕೆಲವು ಶಾಲೆಗಳಲ್ಲಿ, ವ್ಯಾಕರಣದ ಒಂದು ನಿಯಮವನ್ನೂ ಬಾಯಿಬಿಟ್ಟು ಹೇಳದೆ, ಪಟ್ಟಿಮಾಡಿದ ವಾಕ್ಯರೂಪಗಳನ್ನು ಉರುಹೊಡೆಸದೆ, ರೈಲಿನ ವೇಳಾಪಟ್ಟಿಯನ್ನೋ ಊರಿನ ನಕ್ಷೆಯನ್ನೋ ಮಕ್ಕಳ ಮುಂದಿಟ್ಟು ಅದರಿಂದ ಹೊರಡುವ ಸಮಸ್ಯೆಗಳನ್ನು ಇಂಗ್ಲಿಷಿನಲ್ಲಿ ಬಿಡಿಸಲು ಹಚ್ಚಿದರು. ಮನಸ್ಸು ಅರ್ಥದಲ್ಲಿ ಮುಳುಗಿರುವಾಗ ರೂಪವು ತಾನಾಗಿಯೇ ಕುದುರುತ್ತದೆ ಎಂಬುದು ಅವರ ಸಿದ್ಧಾಂತ. ‘ಬ್ಯಾಂಗಲೂರ್ ಪ್ರಾಜೆಕ್ಟ್’ ಎಂದು ಭಾಷಾಶಿಕ್ಷಣದ ಪ್ರಪಂಚದಲ್ಲೆಲ್ಲ ಹೆಸರಾದ ಈ ಪ್ರಯೋಗವನ್ನು ಅವರು 1987ರ ತಮ್ಮ ಗ್ರಂಥದಲ್ಲಿ ವಿವರಿಸಿದರು. ಕಾರ್ಯಾಧಾರಿತವಾದ ಬೋಧನೆಯನ್ನು ಕುರಿತು ಬರೆಯುವವರೆಲ್ಲ ಅದನ್ನು ಸ್ಮರಿಸುತ್ತಾರೆ. ಕನ್ನಡದ ಕೂಸು ‘ನುಂಗಲೂ ಆಗದು, ಉಗುಳಲೂ ಆಗದು’ ಎಂಬುದನ್ನು ಯಾವ ಸೂತ್ರವೂ ಇಲ್ಲದೆ ಸರಿಯಾಗಿ ಕಲಿಯುವುದನ್ನು ಕಂಡವರಿಗೆ ಈ ವಾದದಲ್ಲಿ ಸತ್ಯಾಂಶವಿದೆಯೆಂದು ತೋರದಿರದು. ಆದರೆ ಕೂಸಿಗೆ ಸುತ್ತಲೂ ಕನ್ನಡವಿದೆ. ವಾರಕ್ಕೆ ಕೆಲವೇ ಗಂಟೆಗಳ ಕಾಲ ಇಂಗ್ಲಿಷ್ ಕೇಳುವ ಹಳ್ಳಿಯ ಹುಡುಗನಿಗೆ ‘ಟು’ವಿನ ಒಳಹೊರಗು ತಾನಾಗಿ ಹೊಳೆಯುವುದೆಂದು ನಂಬುವುದಕ್ಕೆ ನನಗಿನ್ನೂ ಧೈರ್ಯ ಸಾಲದು.

ಇತ್ತ ಪುಟ್ಟೇನಹಳ್ಳಿಗೆ ನಗರವೇ ನಡೆದು ಬಂದಿತು. 1948ರಲ್ಲಿ ರಾಜಗೋಪಾಲಾಚಾರ್ಯರು ಶಂಕುಸ್ಥಾಪನೆ ಮಾಡಿದ ಜಯನಗರವು ದಕ್ಷಿಣಕ್ಕೆ ಬೆಳೆದು, ಜಯಪ್ರಕಾಶ ನಾರಾಯಣರ ಹೆಸರಿನ ಬಡಾವಣೆಯಾಗಿ ಮುಂದುವರಿದು, ಸಾರಕ್ಕಿಯನ್ನು ಬಳಸಿಕೊಂಡು ಈ ಊರನ್ನೂ ಒಳಗೊಂಡಿತು. ಗದ್ದೆ ಹೋಯಿತು, ಸುಮಾರು 13 ಎಕರೆಯ ಕೆರೆ ಮಾತ್ರ ಉಳಿಯಿತು. ಅದೂ ಒಣಗಿ ಹಾಳಾಗುವ ಸ್ಥಿತಿಗೆ ಬಂದಾಗ ನೆರೆಹೊರೆಯ ನಿವಾಸಿಗಳು 2010ರಲ್ಲಿ ಒಂದು ಟ್ರಸ್ಟನ್ನು ರಚಿಸಿಕೊಂಡು, ಮರುವರ್ಷ ಮಹಾನಗರಪಾಲಿಕೆಯೊಡನೆ ಒಪ್ಪಂದ ಮಾಡಿಕೊಂಡು ಅದರ ಪಾಲನೆಯನ್ನು ವಹಿಸಿಕೊಂಡರು. ನೀರಗಂಟಿಯ ಕೆಲಸವು ಹೀಗೆ ವಿದ್ಯಾವಂತರ ಕೈಗೆ ಬಂದುದರಿಂದ ಹೂಳು, ಕೋಡಿ, ಏರಿಗಳ ವಿಚಾರವನ್ನೆಲ್ಲ ಇಂಗ್ಲಿಷಿನಲ್ಲಿ ಬರೆಯುವುದಕ್ಕೆ ಈಗ ಗುಮಾಸ್ತನ ಹಂಗಿಲ್ಲ.

ಅದೇ ಕೆರೆಗೆ ಅನತಿದೂರದ ಒಂದು ಅಡ್ಡರಸ್ತೆಯಲ್ಲಿ, ಮನೆಯ ಮುಂಗೋಣೆಯನ್ನೇ ಪಾಠಶಾಲೆ ಮಾಡಿಕೊಂಡಿರುವ ನಿವೃತ್ತ ಉಪಾಧ್ಯಾಯರೊಬ್ಬರ ತರಗತಿಯಲ್ಲಿ ನಾನೊಂದು ಸಂಜೆ ಕುಳಿತಿದ್ದೆ. ಬ್ಯಾಂಕಿನ ಪರೀಕ್ಷೆಗೆ ಓದುವ ಏಳೆಂಟು ಮಂದಿ; ಬಿಳಿಹಲಗೆಯ ಮೇಲೆ ತಪ್ಪು ಹುಡುಕಬೇಕಾದ ವಾಕ್ಯ.

‘ಸಾರ್, ಟು ಈದರ್ ಅಂತ ಬರೀಬಹುದಾ? ಸ್ಪ್ಲಿಟ್ ಆಗುತ್ತಲ್ವಾ?’ ಎಂದು ಒಬ್ಬಳು ಕೇಳಿದಳು.

‘ಆದ್ರೆ ಆಗ್ಲಿ ಕಣಮ್ಮ, ಅದಕ್ಕೆ ಈಗ ಯಾರೂ ಮಾರ್ಕು ಕಳೆಯಲ್ಲ. ಈದರ್ ಒಳಗಿದ್ರೆ ಟು ಒಂದೇ. ಹೊರಗಿದ್ರೆ ಎರಡು. ಒಂದೂವರೆ ಮಾತ್ರ ಬೇಡ’ ಎಂದು ಅವರು ಹಲಗೆಯ ಮೇಲಿನ ಎರಡನೆಯ ‘ಟು’ವನ್ನು ಬೆರಳಿನಿಂದಲೇ ಒರೆಸಿದರು.

ಡೀನ್ ಆಲ್ಫರ್ಡನಿಂದ ಫೌಲರನವರೆಗಿನ ವಾಗ್ವಾದವನ್ನೆಲ್ಲ ಇಷ್ಟು ಸಂಕ್ಷೇಪವಾಗಿ ಹೇಳಿದವರನ್ನು ನಾನು ಬೇರೆ ಕಂಡಿಲ್ಲ. ಪಾಠ ಮುಗಿದ ಮೇಲೆ ಮಾತನಾಡುತ್ತ, ವಿದೇಶದ ವ್ಯವಹಾರಶಾಸ್ತ್ರದ ಕಾಲೇಜುಗಳಿಗೆ ಹೋಗುವವರು ಬರೆಯುವ ಜೀಮ್ಯಾಟ್ ಪರೀಕ್ಷೆಯಲ್ಲಿ ಹಿಂದೆ ಇಂತಹ ಸಮತೂಕದ ಪ್ರಶ್ನೆಗಳು ಬರುತ್ತಿದ್ದುವೆಂದೂ, 2023ರ ಕೊನೆಯಲ್ಲಿ ಬಂದ ಹೊಸ ಕ್ರಮದಲ್ಲಿ ವಾಕ್ಯ ತಿದ್ದುವ ಭಾಗವನ್ನೇ ತೆಗೆದುಹಾಕಿದ್ದಾರೆಂದೂ ಅವರು ಹೇಳಿದರು. ಅದಕ್ಕೆಂದು ಬರುತ್ತಿದ್ದ ಶಿಷ್ಯರು ಹಾಗಾಗಿ ಕಡಿಮೆಯಾದರಂತೆ. ಬ್ಯಾಂಕಿನವರು ಮಾತ್ರ ಇನ್ನೂ ಕೇಳುತ್ತಾರೆ, ಆದುದರಿಂದ ಈ ಪಾಠಕ್ಕೆ ವಾರದಲ್ಲೊಂದು ಸಂಜೆಯನ್ನು ಅವರು ಹಾಗೆಯೇ ಉಳಿಸಿಕೊಂಡಿದ್ದಾರೆ.